ಮಂತ್ರಿಗಳ ಮುಖ ತಿಕ್ಕಿ ತೊಳೆಯುವ ಜೆಲಿಯಮ್ಮ

ಪ್ಯಾರಿಸ್ಸಿನ ರೊಟ್ಟಿಯಂಗಡಿಗಳು ಇನ್ನೂ ಬಾಗಿಲು ತೆರೆದಿಲ್ಲ. ಸೇಂತ್ ದೆನಿ ಬೀದಿಯ ಹಿಂದಿನ ಓಣಿಯಲ್ಲಿ, ಕಲ್ಲಿನ ಮೇಲೆ ಚಿತ್ರ ಬರೆದು ಹಾಳೆಗೆ ಅಚ್ಚು ಹಾಕುವ ಕಲ್ಲಚ್ಚಿನ ಕಾರ್ಖಾನೆಯ ನೆಲಮಾಳಿಗೆಯಿಂದ ಆಗಲೇ ಗರಗರ ಸದ್ದು ಬರುತ್ತಿದೆ. ಜೆಲಿಯಮ್ಮ ಒಂದು ಕಲ್ಲಿನ ಮೇಲೆ ಒದ್ದೆ ಮರಳು ಸುರಿದು, ಇನ್ನೊಂದು ಕಲ್ಲನ್ನು ಅದರ ಮೇಲೆ ಬೋರಲು ಹಾಕಿ, ಮೈಭಾರವನ್ನೆಲ್ಲ ಬಿಟ್ಟು ಸುತ್ತಿಸುತ್ತಿದ್ದಾರೆ. ಹೋದ ವಾರ ಊರನ್ನೆಲ್ಲ ನಗಿಸಿದ ವ್ಯಂಗ್ಯಚಿತ್ರದ ನ್ಯಾಯಾಧೀಶರೊಬ್ಬರ ಮೂಗು ಬೂದುಬಣ್ಣದ ಕೆಸರಾಗಿ ತೊಟ್ಟಿಗೆ ಇಳಿಯುತ್ತಿದೆ.

“ದೊಡ್ಡೋರ ಮೂಗು ಬೇಗ ಹೋಗಲ್ಲ ಕಣಪ್ಪಾ. ಅದರ ಮೇಲೇ ಜಾಸ್ತಿ ಮಸಿ ಮೆತ್ತಿರ್ತಾರೆ” ಎಂದು ನಗುತ್ತಾರೆ.

ಅಂಗಡಿ ಕಿಟಕಿಯ ಮುಂದೆ ನಿಂತು ವ್ಯಂಗ್ಯಚಿತ್ರ ನೋಡಿ ಹೊಟ್ಟೆ ಹಿಡಿದುಕೊಂಡು ನಗುವ ನಮಗೆ ಬರೆದವರ ಹೆಸರು ಗೊತ್ತು. ಅಚ್ಚು ಹಾಕಿದವರ ಹೆಸರೂ ಹಾಳೆಯ ಅಡಿಯಲ್ಲೇ ಇರುತ್ತದೆ. ಆದರೆ ಬವೇರಿಯದಿಂದ ಬರುವ ಈ ಕಲ್ಲು ದುಬಾರಿ, ಒಂದರ ಮೇಲೇ ಮತ್ತೆ ಮತ್ತೆ ಬರೆಯಬೇಕು. ಪ್ರತಿ ಸಲ ಹಳೆಯದನ್ನು ಅಳಿಸಿಕೊಡುವ ಕೈ ಯಾರದೆಂದು ನಾವು ಕೇಳಿಯೇ ಇಲ್ಲ. ದಿನಕ್ಕೆ ಎಂಟು ಕಲ್ಲು, ಒಂದೊಂದಕ್ಕೂ ಮೂರು ಬಗೆಯ ಮರಳು, ನಲವತ್ತು ಕೊಡ ನೀರು. ಚಳಿಗಾಲದಲ್ಲಿ ಬೆರಳ ಸಂದಿಗಳು ಒಡೆದು ರಕ್ತ ಜಿನುಗುತ್ತದೆ.

ಐವತ್ತೆರಡರ ಜೆಲಿಯಮ್ಮ ಮೊದಲು ಸೇನ್ ನದಿಯಲ್ಲಿ ಬಟ್ಟೆ ಒಗೆಯುತ್ತಿದ್ದವರು. ಮೂರು ವರ್ಷದ ಹಿಂದೆ ಗಂಡ ಕಾಲರಾಕ್ಕೆ ಬಲಿಯಾದ ಮೇಲೆ ಇಲ್ಲಿಗೆ ಬಂದರು. ಬಂದ ತಿಂಗಳೇ ಎಡವಟ್ಟು. ಚಿತ್ರ ಕಣ್ಣಿಗೆ ಕಾಣದಂತಾದರೂ ಅದರ ಜಿಡ್ಡು ಕಲ್ಲಿನೊಳಗೆ ಉಳಿದಿರುತ್ತದೆ ಎಂಬುದು ಅವರಿಗೆ ತಿಳಿಯದು. ಬೇಗ ಬೇಗ ಮುಗಿಸಿಕೊಟ್ಟರು. ಅದೇ ಕಲ್ಲಿನಲ್ಲಿ ಚರ್ಚಿನವರು ಮಾಡಿಸಿದ ಸಂತ ಜೆನೆವಿಯೆವಳ ಚಿತ್ರ ಅಚ್ಚಾದಾಗ, ಆ ಪುಣ್ಯವತಿಯ ಕೆನ್ನೆಯ ಮೇಲೆ ಹಳೆಯ ಸೇನಾಪತಿಯೊಬ್ಬರ ಮೀಸೆ ಎದ್ದು ನಿಂತಿತ್ತು!

“ಕೆಲಸ ಹೋಯ್ತು ಅಂತ ಗಂಟು ಕಟ್ತಾ ಇದ್ದೆ. ಅಚ್ಚು ಹಾಕೋ ಬಾಸ್ತಿಯನ್ ಬಂದು, ‘ಪಾದ್ರಿಗಳಿಗೆ ನಾನು ಹೇಳ್ಕೋತೀನಿ ಜೆಲಿಯಮ್ಮ. ನೀವು ಇನ್ನೊಂದು ಹಿಡಿ ಮರಳು ಹಾಕೋದು ಕಲೀರಿ’ ಅಂದ. ಸಾಯೋವರೆಗೂ ಮರೆಯಲ್ಲ ಆ ಉಪಕಾರ.”

ಆ ಇನ್ನೊಂದು ಹಿಡಿ ಮರಳೇ ಕಳೆದ ಚಳಿಗಾಲ ಒಬ್ಬನನ್ನು ಉಳಿಸಿತು. ಚಿತ್ರಗಾರ ಅನಾತೋಲ್ ಮಂತ್ರಿಯೊಬ್ಬರನ್ನು ರೊಟ್ಟಿಯಂಗಡಿಗೆ ನುಗ್ಗಿದ ಹೆಗ್ಗಣವಾಗಿ ಬರೆದಿದ್ದ. ಇಂಥದ್ದೇ ಚಿತ್ರಕ್ಕೆ ಒಮ್ಮೆ ಜೈಲು ಕಂಡು ಬಂದವನು. ಮತ್ತೆ ಸಿಕ್ಕರೆ ಎರಡು ವರ್ಷ. ಇನ್ನೂ ಒಂದು ಪ್ರತಿಯೂ ಅಚ್ಚಾಗಿರಲಿಲ್ಲ, ಸಾಕ್ಷಿಯೆಂದರೆ ನೆಲಮಾಳಿಗೆಯಲ್ಲಿದ್ದ ಆ ಕಲ್ಲೊಂದೇ. ಸುಳಿವು ಸಿಕ್ಕಿ ಬಂದ ಪೊಲೀಸರು ಮೇಲಿನ ಮಹಡಿಯಲ್ಲಿ ಪೆಟ್ಟಿಗೆಗಳನ್ನು ತಡಕಾಡುತ್ತಿದ್ದಾಗ ಜೆಲಿಯಮ್ಮ ಯಾರನ್ನೂ ಕೇಳದೆ ಕಲ್ಲನ್ನು ತೊಟ್ಟಿಗೆಳೆದು ತಿಕ್ಕತೊಡಗಿದರು. ಅಧಿಕಾರಿ ಕೆಳಗಿಳಿದು ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು.

“ಏನಿದೆ ಇದರ ಮೇಲೆ?”

“ಮರಳು, ಸ್ವಾಮಿ.”

ಆ ಮನುಷ್ಯನಿಗೆ ಈ ಕಸುಬಿನ ಒಳಗುಟ್ಟು ಗೊತ್ತಿತ್ತು: ಜಿಡ್ಡು ಉಳಿದಿದ್ದರೆ ಅದಕ್ಕೆ ಮಸಿ ಹತ್ತಿ ಚಿತ್ರ ಮತ್ತೆ ಏಳುತ್ತದೆ. ಕಲ್ಲು ತೊಳೆಸಿ, ಮಸಿಯ ಉರುಳೆ ಹಾಯಿಸಲು ಹೇಳಿದ. ಬಾಸ್ತಿಯನ್ ಉರುಳೆಗೆ ಮಸಿ ಹಚ್ಚಿಕೊಂಡ. ಉರುಳೆ ಒಮ್ಮೆ ಹೋಯಿತು, ಇನ್ನೊಮ್ಮೆ ಹೋಯಿತು. ಹೆಗ್ಗಣದ ಬಾಲವೂ ಏಳಲಿಲ್ಲ.

ಇವತ್ತು ಅನಾತೋಲ್ ಬೆಳಗ್ಗೆಯೇ ಬಂದಿದ್ದಾನೆ, ಕೈಯಲ್ಲಿ ಬಿಸಿ ಸೂಪಿನ ಪಾತ್ರೆ. ಆ ದಿನದಿಂದ ಒಂದು ವಾರವೂ ತಪ್ಪಿಸಿಲ್ಲ. ಹೊಸ ಚಿತ್ರದ ಅಡಿಯಲ್ಲಿ ಜೆಲಿಯಮ್ಮನ ಹೆಸರೂ ಇರಬೇಕೆಂದು ಅವನ ಹಟ.

“ನೀವಿಲ್ದಿದ್ರೆ ನಾನೆಲ್ಲಿರ್ತಿದ್ದೆ ಅಮ್ಮ? ಒಂದು ಮೂಲೇಲಿ, ಚಿಕ್ಕದಾಗಿ ಬರೀತೀನಿ.”

ಅವನ ಮಾತು ಕೇಳಿ ಜೆಲಿಯಮ್ಮನ ಕಣ್ಣು ಒದ್ದೆಯಾಗುತ್ತದೆ. ಒದ್ದೆ ತೋಳಿನಿಂದಲೇ ಒರೆಸಿಕೊಂಡು ಮುಂದಿನ ಕಲ್ಲನ್ನು ಎಳೆದುಕೊಳ್ಳುತ್ತಾರೆ.

“ಬರೆದ್ರೆ ಶನಿವಾರ ಅಚ್ಚು ಮುಗಿದ್ಮೇಲೆ ಅದನ್ನೂ ನಾನೇ ತಾನೇ ತಿಕ್ಬೇಕು, ಹುಚ್ಚಪ್ಪಾ? ನೀನು ಜೈಲಿಂದ ಹೊರಗಿದ್ಕೊಂಡು ಬರೀತಾ ಇರು. ಅಳಿಸೋಕೆ ನಾನಿದ್ದೀನಿ.”