ಹೊರಗಿನವರು ಹಚ್ಚಬೇಕಾದ ಬಣ್ಣ

ಹೋಳಿ ಹುಣ್ಣಿಮೆಯ ಮರುದಿನ ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೊರಟ ಬಸ್ಸಿನಲ್ಲಿ ಒಬ್ಬರ ಮೈಮೇಲೂ ಬಣ್ಣವಿರಲಿಲ್ಲ. ಕಂಡಕ್ಟರನ ಖಾಕಿ ಅಂಗಿಯ ಇಸ್ತ್ರಿ ಕೂಡ ಮುರಿದಿರಲಿಲ್ಲ. ನಾನೊಬ್ಬಳೇ ಇದ್ದುದರಲ್ಲಿ ಹಳೆಯ ಸೀರೆ ಹುಡುಕಿ ಉಟ್ಟು ಕೂತಿದ್ದೆ. ಬಾಗಲಕೋಟೆಯಲ್ಲಿ ಬೆಳೆದವಳು ನಾನು. ಆ ದಿನ ಒಳ್ಳೆಯ ಬಟ್ಟೆಯಲ್ಲಿ ಬೀದಿಗಿಳಿಯುವ ಧೈರ್ಯ ನಮ್ಮಲ್ಲಿ ಯಾರಿಗಿದೆ? ಕಾಲೇಜಿನ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾಕ್ ಮೇಡಂ, ಮನೆಗೆ ಸುಣ್ಣ ಹೊಡೆಸ್ತಾ ಇದ್ದೀರಾ?” ಎಂದರು.

ಅದು ಇಲ್ಲಿಗೆ ಬಂದ ಮೊದಲ ವರ್ಷ. ಗಂಡನಿಗೆ ನಂಜನಗೂಡಿನ ಕಾರ್ಖಾನೆಯಲ್ಲಿ ಕೆಲಸ, ನನಗೆ ನರಸೀಪುರದಲ್ಲಿ ಪಾಠ. ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಮನೆಯವರು ಇಣುಕಿ ನೋಡುತ್ತಿದ್ದರು. ನಾವು ಮುದ್ದೆ ನುಂಗುವುದನ್ನು ಕಲಿತೆವು. ಅಗಿಯಬಾರದು ಎಂಬುದು ನಾಲಿಗೆಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು. ಆದರೆ ಹೋಳಿಯ ಜಾಗದಲ್ಲಿ ಇಡುವುದಕ್ಕೆ ಏನೂ ಸಿಗಲಿಲ್ಲ. ಇಲ್ಲೂ ಹುಡುಗರು ಕಾಮಣ್ಣನನ್ನು ಸುಡುತ್ತಾರೆ, ಶಾಲೆಯ ಮಕ್ಕಳು ಒಂದಿಷ್ಟು ಪುಡಿ ಎರಚಿಕೊಳ್ಳುತ್ತಾರೆ. ನಮ್ಮಂತೆ ಊರಿಗೆ ಊರೇ ಹಲಗೆ ಬಾರಿಸುತ್ತ ದಿನಗಟ್ಟಲೆ ತೊಯ್ಯುವುದಿಲ್ಲ.

ಹೀಗೆ ಬರೆಯುವಾಗಲೇ ನನಗೆ ಅನುಮಾನ. ಬ್ಯಾರೆಲ್ ಹೇರಿದ ಬಂಡಿಗಳು, ಎದುರುಬದುರು ಎರಚಾಟ, ಮೂಗಿನಲ್ಲಿ ಗುಲಾಲಿನ ವಾಸನೆ, ಎಲ್ಲ ನೆನಪಿದೆ. ಆದರೆ ಹುಡುಗಿಯರಾದ ನಮ್ಮನ್ನು ಆ ಹೊತ್ತಿಗೆ ಮಾಳಿಗೆಗೆ ಹತ್ತಿಸಿಬಿಡುತ್ತಿದ್ದರು. ಬೀದಿಯಲ್ಲಿ ಇದ್ದವನು ಅಣ್ಣ. ನನ್ನ ನೆನಪಿನಲ್ಲಿ ಮಾತ್ರ ನಾನು ಬೀದಿಯಲ್ಲೇ ಇದ್ದೇನೆ.

ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ಇಲ್ಲಿಗೆ ಕರೆತಂದೆವು. ಅವರು ಅಳಲಿಲ್ಲ. ಊರಿನಲ್ಲೂ ಅತ್ತಿರಲಿಲ್ಲ. ದಿನವಿಡೀ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಹೋಳಿ ಹತ್ತಿರ ಬಂದಂತೆ ಊರಿಗೆ ಹೋಗಬೇಕೆಂದರು. ಕಾರಣ ನನಗೆ ಗೊತ್ತಿತ್ತು. ಸಾವಾದ ಮನೆಗೆ ಮೊದಲ ಹೋಳಿಯಲ್ಲಿ ಹೊರಗಿನವರು ಯಾರಾದರೂ ಬಂದು ಬಣ್ಣ ಹಚ್ಚಬೇಕು, ಆಮೇಲೆಯೇ ಆ ಮನೆಯ ದುಃಖ ಕಳೆದಂತೆ. ಇದು ನಮ್ಮ ಓಣಿಯ ಪದ್ಧತಿ. ಕರೆದು ಹಚ್ಚಿಸಿಕೊಳ್ಳುವಂತಿಲ್ಲ, ಅವರಾಗಿಯೇ ಬರಬೇಕು. ಅಷ್ಟರಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದರು, ಕಾಲಿಗೆ ಪ್ಲಾಸ್ಟರ್ ಬಿತ್ತು. ರೈಲಿನ ಮಾತು ಅಲ್ಲಿಗೇ ನಿಂತಿತು.

“ಇಲ್ಲಿ ಯಾರ ಬರ್ತಾರವಾ?” ಎಂದು ಒಮ್ಮೆ ಕೇಳಿದರು.

ಹುಣ್ಣಿಮೆಯ ಸಂಜೆ ಮನೆಯೆದುರಿನ ಖಾಲಿ ಸೈಟಿನಲ್ಲಿ ತೆಂಗಿನ ಗರಿ, ಬೆರಣಿ ಒಟ್ಟಿ ನಾವೇ ಒಂದು ಪುಟ್ಟ ಕಾಮಣ್ಣನನ್ನು ಸುಟ್ಟೆವು. ಮಗಳಿಗೆ ಅದು ಹೊಸದು. ಅತ್ತೆ ಕುರ್ಚಿಯಲ್ಲಿ ಕೂತೇ ಅವಳಿಗೆ ಹೊಯ್ಕೊಳ್ಳುವುದನ್ನು ಕಲಿಸಿದರು. ಅಂಗೈಯಿಂದ ಬಾಯಿ ಬಡಿದುಕೊಳ್ಳುತ್ತ, ಕಾಮಣ್ಣ ಸತ್ತನೆಂದು ಲಬೋ ಲಬೋ ಎಂದು ಕೂಗುವ ಆಟ ಅದು. ಇಬ್ಬರೂ ಕೂಗಿದರು. ಮಗಳು ನಕ್ಕು ನಿಲ್ಲಿಸಿದಳು. ಅತ್ತೆ ನಿಲ್ಲಿಸಲಿಲ್ಲ. ಯಾವ ಕ್ಷಣದಲ್ಲಿ ಆಟ ಅಳುವಾಯಿತೋ ನಾನು ನೋಡಲಿಲ್ಲ. ನೋಡಿದೆನೆಂದು ಬರೆದರೆ ಅದು ಈಗ ಕಟ್ಟಿಕೊಂಡದ್ದಾಗುತ್ತದೆ.

ಬೀದಿಯ ಬಾಗಿಲುಗಳೆಲ್ಲ ತೆರೆದವು. ಈ ಊರಿನಲ್ಲಿ ಹಾಗೆ ಬಾಯಿ ಬಡಿದುಕೊಂಡರೆ ಒಂದೇ ಅರ್ಥ. ಎಲ್ಲರಿಗಿಂತ ಮೊದಲು ಓಡಿ ಬಂದವರು ಪಕ್ಕದ ಮನೆಯ ಮಹದೇವಮ್ಮ. ಕೈಯಲ್ಲಿ ಮುದ್ದೆ ತಿರುವುವ ಕೋಲು ಹಾಗೆಯೇ ಇತ್ತು, ತುದಿಯಲ್ಲಿ ಹಿಟ್ಟು.

“ಯಾರವ್ವಾ? ಯಾರೋದ್ರು?”

ಗಂಡ ತೊದಲುತ್ತ ಹಬ್ಬದ ವಿಷಯ ವಿವರಿಸಿದ. ಬಂದವರು ಮುಖ ಮುಖ ನೋಡಿಕೊಂಡರು, ಕೆಲವರು ಗೊಣಗುತ್ತ ಹಿಂತಿರುಗಿದರು. ಮಹದೇವಮ್ಮ ಮಾತ್ರ ಅಲ್ಲೇ ನಿಂತರು.

“ವರ್ಸಾವರ್ಸ ಸಾಯೋನ್ಗೆ ಇಸ್ಟೊಂದು ಅಳ್ತಾರಾ ಅಜ್ಜಿ?”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. “ನಮ್ಮವರು ಒಂದ ಸಲ ಸತ್ತರವಾ.”

ಮಹದೇವಮ್ಮ ಕೋಲನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಕೂತರು. ನಾವು ಕಾಮಣ್ಣನ ಕೆಂಡದಲ್ಲಿ ಕಡಲೆ ಹುರಿದೆವು. ಅವರಿಬ್ಬರೂ ಅದನ್ನು ಒಂದೊಂದೇ ತಿನ್ನುತ್ತ ಬಹಳ ಹೊತ್ತು ಮಾತಾಡಿದರು. ಒಬ್ಬರ ಕನ್ನಡ ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿತ್ತು. ಬಣ್ಣದ ಪದ್ಧತಿಯ ಮಾತು ಬಂತೋ ಇಲ್ಲವೋ, ನಾನು ಒಳಗೆ ಹೋಳಿಗೆ ಬೇಯಿಸುತ್ತಿದ್ದೆ, ಕೇಳಿಸಲಿಲ್ಲ. ಬರಲಿಲ್ಲ ಎಂದು ಅತ್ತೆ ಇಂದಿಗೂ ಹೇಳುತ್ತಾರೆ.

ಬೆಳಗ್ಗೆ ಮಹದೇವಮ್ಮ ಹಿತ್ತಾಳೆ ಚೊಂಬು ಹಿಡಿದು ಬಂದರು. ಅದರಲ್ಲಿ ಕೆಂಪು ನೀರು. ಪುಡಿ ತಂದಿರಲಿಲ್ಲ. ಅರಿಸಿನಕ್ಕೆ ಸುಣ್ಣ ಕದಡಿದ ಓಕುಳಿ, ಇಲ್ಲಿ ಆರತಿಗೂ ಮದುವೆಗೂ ಮಾಡುವಂಥದ್ದು. ಹೊಸಿಲಲ್ಲೇ ನಿಂತರು.

“ಸತ್ತು ವರ್ಸ ತುಂಬ್ದೇ ಇರೋ ಮನೇಲಿ ಅಬ್ಬ ಮಾಡ್ಬಾರ್ದು, ಒರಗಿನೋರೇ ತಂದ್ಕೊಡ್ಬೇಕು. ನಮ್ಮಲ್ಲೂ ಅಂಗೇ ಕಣವ್ವ. ನಾನೂ ಒರಗಿನೋಳೇ, ಕಳಲೆಯಿಂದ ಬಂದೋಳು.”

ಕಳಲೆ ಇಲ್ಲಿಂದ ಕೂಗಳತೆಯಲ್ಲಿದೆ. ಗಂಡ ನಗು ತಡೆದುಕೊಂಡ. ಅತ್ತೆ ನಗಲಿಲ್ಲ, ಕುರ್ಚಿಯಲ್ಲಿ ನೆಟ್ಟಗೆ ಕೂತರು. ಆದರೆ ಮಹದೇವಮ್ಮ ಒಳಗೆ ಬರಲಿಲ್ಲ. ಅವರ ಹಣೆಯೂ ಅತ್ತೆಯ ಹಣೆಯಂತೆ ಬರಿದು, ವಿಭೂತಿ ಮಾತ್ರ.

“ಇದ ಮುಟ್ಟಿ ಎಸ್ಟೋ ಕಾಲ ಆಯ್ತು. ನಾನು ಅಚ್ಬೋದಾ?”

“ಹಚ್ಚವಾ,” ಎಂದರು ಅತ್ತೆ. “ಬಣ್ಣಕ್ಕ ಯಾರೂ ಬ್ಯಾಡ ಅನ್ನೂದಿಲ್ಲ.”

ಮಹದೇವಮ್ಮ ಬೆರಳದ್ದಿ ಅತ್ತೆಯ ಎರಡೂ ಕೆನ್ನೆಗೆ ಸವರಿದರು. ಅತ್ತೆ ಚೊಂಬಿಗೇ ಕೈ ಹಾಕಿ, ನಮ್ಮ ಕಡೆಯ ಲೆಕ್ಕದಲ್ಲಿ ಹಚ್ಚುವಂತೆ, ಅವರ ಮುಖ, ಕುತ್ತಿಗೆ, ತಲೆಗೂದಲು ಎಲ್ಲ ತೋಯಿಸಿಬಿಟ್ಟರು. “ಅಯ್ಯೋ, ಸಾಕು ಬುಡಜ್ಜಿ, ಇಸ್ಟಕ್ಕಾ ನೀವು ಅಬ್ಬ ಅನ್ನೋದು?” ಎನ್ನುತ್ತಿದ್ದರೂ ಮಹದೇವಮ್ಮ ಮುಖವನ್ನು ಹಿಂದಕ್ಕೆಳೆಯಲಿಲ್ಲ. ಉಳಿದದ್ದನ್ನು ಮಗಳು ನನ್ನ ಮೇಲೆ ಸುರಿದಳು.

ಆ ದಿನ ಮುಖದ ಮೇಲಿನ ಕೆಂಪು ಗುರುತು ಹಾಗೆಯೇ ಇಟ್ಟುಕೊಂಡು ನರಸೀಪುರದ ಬಸ್ಸು ಹತ್ತಿದೆ. ಇಸ್ತ್ರಿ ಮಾಡಿದ ಸೀರೆಯನ್ನೇ ಉಟ್ಟಿದ್ದೆ.

ಮುಂದಿನ ಹೋಳಿಗೆ ಎಲ್ಲರೂ ಬಾಗಲಕೋಟೆಗೆ ಹೋದೆವು. ಅತ್ತೆ ಆ ಬೆಳಗ್ಗೆ ತಾವು ಉಟ್ಟಿದ್ದ ಸೀರೆಯನ್ನೇ ತಂದಿದ್ದರು. ಓಕುಳಿ ಒಗೆದು ಒಗೆದು ಅದರ ಸೆರಗಿನ ಮೇಲೆ ಹಳದಿ ಕಲೆಯಾಗಿ ಉಳಿದಿತ್ತು. ಒಗೆಯುವ ಕಲ್ಲಿನ ಹತ್ತಿರ ನಾದಿನಿ ಅದಕ್ಕೆ ಸೋಪು ಹಚ್ಚಿದಾಗ ಕಲೆ ಮತ್ತೆ ಕೆಂಪಾಯಿತು. ಅವಳು ಬೆಚ್ಚಿ ಕೈ ತೆಗೆದಳು, ಇದನ್ನು ಯಾರು ಹಚ್ಚಿದ್ದೆಂದು ಕೇಳಿದಳು.

“ನಮ್ಮೂರಾಕಿ,” ಎಂದರು ಅತ್ತೆ.

ಹೊರಗೆ ಹಲಗೆಯ ಸದ್ದು ಜೋರಾಗಿತ್ತು. ಮಗಳು ನನ್ನ ಕೈ ಹಿಡಿದು ಬೀದಿಗೆ ಎಳೆದಳು. ಈ ಸಲ ನಿಜವಾಗಿಯೂ ಇಳಿದೆ, ಮೈಯೆಲ್ಲ ತೊಯ್ದೆ. ಆದರೂ ಗದ್ದಲದ ನಡುವೆ ನಿಂತು ನಾನು ಹುಡುಕುತ್ತಿದ್ದದ್ದು ಚೊಂಬು ಹಿಡಿದು ಹೊಸಿಲಲ್ಲಿ ನಿಲ್ಲುವ ಒಬ್ಬರನ್ನು, ಕರೆಯದೇ ಬರುವವರನ್ನು.