ತೆರಕಣಾಂಬಿಯ ಕೊನೆಯ ಬಾಳೆಕಂದು

ಗಿಡದ ಒಂದು ಚೂರಿನಿಂದ ಸೀಸೆಯೊಳಗೆ ನೂರಾರು ಸಸಿಗಳನ್ನು ಎಬ್ಬಿಸುವ ವಿದ್ಯೆಯೇ ಅಂಗಾಂಶ ಕೃಷಿ. ಚಾಮರಾಜನಗರದ ಪ್ರಯೋಗಾಲಯದಲ್ಲಿ ಆ ವಿದ್ಯೆಯನ್ನು ನೆಲೆಗೊಳಿಸಿ, ಈಗ ಮುಖ್ಯಸ್ಥೆಯಾಗಿ ನಿವೃತ್ತರಾಗುತ್ತಿರುವ ಡಾ. ಶಾಂತಮಲ್ಲಮ್ಮನವರ ಗೆಲುವುಗಳನ್ನು ಈ ಸಂಪುಟದಲ್ಲಿ ಹಲವರು ಬಣ್ಣಿಸಿದ್ದಾರೆ. ಅವರು ಹೆದರಿದ ಒಂದು ಸಂದರ್ಭವನ್ನು ಇಲ್ಲಿ ನೆನೆಯುವುದು ಉಚಿತ.

ಉಡಿಗಾಲದ ಒಕ್ಕಲು ಮನೆತನದ ಅವರು ಸೇವೆಗೆ ಸೇರಿದಂದಿನಿಂದ ಬಾಳೆಯ ಬೆನ್ನು ಬಿಟ್ಟವರಲ್ಲ. ಸೊರಗು ರೋಗಕ್ಕೆ ರಸಬಾಳೆ ತೋಟದಿಂದ ತೋಟಕ್ಕೆ ಅಳಿಯುತ್ತಿದ್ದಾಗ, ತೆರಕಣಾಂಬಿಯ ಮಂಚಮ್ಮನವರ ಹಿತ್ತಲಲ್ಲಿ ರೋಗ ಸೋಕದ ಹಳೆಯ ಬುಡವೊಂದು ಉಳಿದಿರುವುದು ಅವರಿಗೆ ತಿಳಿಯಿತು. ಬುಡದ ಸುತ್ತ ಎದ್ದ ಮರಿಗಿಡಗಳನ್ನು, ಅಂದರೆ ಕಂದುಗಳನ್ನು, ಮಂಚಮ್ಮ ಕೇಳಿದಷ್ಟು ಕೊಟ್ಟರು. ಕಿರಿಯ ಸಹಾಯಕಿ ರಮ್ಯ ಅವುಗಳ ತಿರುಳನ್ನು ಕೊಯ್ದು ಸೀಸೆಗಿಟ್ಟಳು. ಗಾಯದಿಂದ ಒಸರಿದ ರಸ ಗಾಳಿ ತಾಕಿ ಕಪ್ಪಾಯಿತು. ಆ ಕಪ್ಪೇ ವಿಷವಾಗಿ ತಿರುಳನ್ನೆಲ್ಲ ಕೊಂದಿತು.

ಆ ಹುಡುಗಿಯನ್ನು ಬದಲಿಸಿ ಎಂದರು ನಿರ್ದೇಶಕ ಮಲ್ಲಿಕಾರ್ಜುನಸ್ವಾಮಿಯವರು.

“ವಿಧಾನ ಹೇಳಿಕೊಟ್ಟೋಳು ನಾನು ಸರ್. ಕೇಳೋದಿದ್ರೆ ನನ್ನ ಕೇಳಿ,” ಎಂದರು ಶಾಂತಮಲ್ಲಮ್ಮನವರು.

ಅಷ್ಟರಲ್ಲಿ ಮಂಚಮ್ಮನವರ ಪಕ್ಕದ ತೋಟಕ್ಕೇ ರೋಗ ಬಂದ ಸುದ್ದಿ. ಅವರ ಹಿತ್ತಲ ಬುಡದಲ್ಲಿ ಉಳಿದಿದ್ದುದು ಒಂದೇ ಕಂದು. ಅದನ್ನೂ ಕೇಳಲು ಬಸ್ಸಿನಲ್ಲಿ ಹೊರಟ ಶಾಂತಮಲ್ಲಮ್ಮನವರಿಗೆ ಆ ತಾಯಿಯ ಮುಖವನ್ನು ಹೇಗೆ ನೋಡುವುದೆಂಬುದೇ ದಾರಿಯುದ್ದದ ಚಿಂತೆ.

“ಕೊಟ್ಟಿದ್ದೆಲ್ಲ ಕರ್‍ರಗಾಗೋಯ್ತು ಅಂತೀರಿ. ಇದೂ ಓದ್ರೆ?” ಎಂದರು ಮಂಚಮ್ಮ.

“ಹೋಗಬಹುದು. ಹೋಗಲ್ಲ ಅಂತ ಮಾತು ಕೊಡೋಕೆ ನನ್ನಿಂದ ಆಗಲ್ಲ ಮಂಚಮ್ಮಾ.”

ಮಂಚಮ್ಮ ಬಗ್ಗಿ ಕಂದಿನ ಸುತ್ತಲ ತರಗನ್ನು ಸರಿಸಿದರು. “ಓಗಕಿಲ್ಲ ಅಂದಿದ್ರೆ ಕೊಡ್ತಿರ್ನಿಲ್ಲ ಕಣವ್ವ. ಅಗುದ್ಕಳಿ.”

ಪ್ರಯೋಗಾಲಯದಲ್ಲಿ ಶಾಂತಮಲ್ಲಮ್ಮನವರು ಚಾಕುವನ್ನು ಕೊಟ್ಟಿದ್ದು ರಮ್ಯಳ ಕೈಗೇ.

“ನೀವೇ ಕೊಯ್ಯಿರಿ ಮೇಡಂ. ಭಯ ಆಗ್ತದೆ.”

“ಭಯ ನನಗೂ ಇದೆ. ನಿಧಾನ ಮಾಡು. ನೀರಿನಿಂದ ಮೇಲೆತ್ತಬೇಡ.”

ನಿಂಬೆಯ ಆಮ್ಲವನ್ನೂ ಸಿ ಜೀವಸತ್ವವನ್ನೂ ಬೆರೆಸಿದ ನೀರಿನಲ್ಲಿ ಮುಳುಗಿಸಿಯೇ, ಗಾಳಿ ತಾಕದಂತೆ ಈ ಸಲ ಕೊಯ್ದದ್ದು. ರಸ ಹೀರಲು ಆಹಾರದ ಪಾಕಕ್ಕೆ ಇದ್ದಿಲ ಪುಡಿ ಸೇರಿಸಿ, ಸೀಸೆಗಳನ್ನು ಕತ್ತಲೆಯಲ್ಲಿಟ್ಟರು. ಕಪ್ಪು ಕೂಡುವ ಮೊದಲೇ ಚೂರುಗಳನ್ನು ಹೊಸ ಪಾಕಕ್ಕೆ ದಾಟಿಸಬೇಕು. ದಾಟಿಸುವಾಗೊಮ್ಮೆ ಬೂಷ್ಟು ಹೊಕ್ಕರೆ ಎಲ್ಲವೂ ಮುಗಿದಂತೆ. ಪ್ರತಿ ಸಲ ಕತ್ತಲೆಕೋಣೆಯ ಬಾಗಿಲು ತೆರೆಯುವಾಗಲೂ ಶಾಂತಮಲ್ಲಮ್ಮನವರು ಹೆದರುತ್ತಲೇ ಕಪ್ಪನ್ನು ಹುಡುಕುತ್ತಿದ್ದರು. ಕೆಲವು ಸೀಸೆಗಳಲ್ಲಿ ಕಪ್ಪು ಮತ್ತೆ ಇಣುಕಿತು. ಅವನ್ನು ಎಸೆದರು. ಉಳಿದವು ಬೆಳ್ಳಗೇ ಉಳಿದು, ಬೆಳಕಿಗೆ ತಂದ ಮೇಲೆ ಹಸಿರಾಗಿ ಸಸಿಗಳಾದವು.

ಅಷ್ಟು ಹೊತ್ತಿಗೆ ತೆರಕಣಾಂಬಿಯ ಬುಡ ಸೊರಗಿ ನೆಲಕಚ್ಚಿತ್ತು. ಸಸಿ ಒಯ್ಯಲು ಬಂದ ಮಂಚಮ್ಮ ಕೈಮುಗಿಯಲು ಹೊರಟಾಗ ಶಾಂತಮಲ್ಲಮ್ಮನವರು ಪಕ್ಕಕ್ಕೆ ಸರಿದು ರಮ್ಯಳನ್ನು ಮುಂದೆ ನಿಲ್ಲಿಸಿದರು.

“ನೀನಾ ಕುಯ್ದೋಳು?” ಮಂಚಮ್ಮ ಅವಳ ಕೈ ಹಿಡಿದುಕೊಂಡರು. “ನಮ್ಮತ್ತೆ ನೆಟ್ಟಿದ್ ಬಾಳೆ ಕಣಮ್ಮಿ ಇದು.”

ಅದರ ಸಂತತಿ ಇಂದು ಗುಂಡ್ಲುಪೇಟೆಯ ತೋಟಗಳಲ್ಲೂ ಗೊನೆ ಬಿಡುತ್ತಿದೆ. ವಿಶ್ರಾಂತಿಯ ಮಾತೆತ್ತಿದರೆ, ಇಲ್ಲಿನ ನಾಟಿ ಅರಿಸಿನವನ್ನು ಸೀಸೆಗೆ ತರುವ ಕೆಲಸ ಬಾಕಿಯಿದೆ ಎನ್ನುತ್ತಾರೆ ಶಾಂತಮಲ್ಲಮ್ಮನವರು. ಆ ಕೆಲಸ ಕೈಗೂಡುವಷ್ಟು, ಕೈಗೂಡಿದ ಮೇಲೆ ಮತ್ತೊಂದನ್ನು ಹಿಡಿಯುವಷ್ಟು ಆಯುಸ್ಸೂ ಆರೋಗ್ಯವೂ ಅವರಿಗೆ ತುಂಬಿ ಬರಲಿ.