ಪಾಲು ಎಂದರೆ ಹಾಲಲ್ಲ

ನಾಗಕ್ಕಾ, ನಿನ್ನ ಬಾಳೆಗೆ ಬಂದ ಪರಿಹಾರದ ಹಣ ತಿಂದವನು ನಾನು. ಕಚೇರಿಯವರನ್ನು ನೀನು ಸುಮ್ಮನೆ ಬಯ್ಯುತ್ತಿದ್ದೀಯೆ. ಒಂದೇ ಒಂದು ಮಾತಿನಲ್ಲಿ ಕೆಲಸ ಮುಗಿಸಿದ್ದೆ. ಆ ಮಾತು ನನ್ನ ಬಾಯಿಗೆ ಅಷ್ಟು ಸಲೀಸಾಗಿ ಹೇಗೆ ಬಂತು — ಆರು ವರ್ಷದಿಂದ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ, ಬಗೆಹರಿದಿಲ್ಲ.

ಚಿನ್ನಮನೂರಿನ ಹೊರಗಿನ ನನ್ನ ತೋಟವನ್ನು ನೀನು ಪಾಲಿಗೆ ಮಾಡುತ್ತಿದ್ದೆ. ನೆಲ ನನ್ನದು, ದುಡಿಮೆ ನಿನ್ನದು, ಬೆಳೆಯಲ್ಲಿ ಇಬ್ಬರಿಗೂ ಪಾಲು. ಕಾಗದಪತ್ರ ಏನೂ ಇಲ್ಲ. ಆ ಬೇಸಿಗೆಯ ಗಾಳಿಗೆ ಗೊನೆ ಬಿಟ್ಟ ಬಾಳೆಯೆಲ್ಲ ಒಂದೇ ಸಂಜೆ ನೆಲ ಕಚ್ಚಿತು. ವಾರದೊಳಗೆ ತೇನಿಯಿಂದ ಅಧಿಕಾರಿಯೊಬ್ಬರು ಬಂದರು. ತುರ್ತು ಪರಿಹಾರ ಬೇಸಾಯ ಮಾಡಿದವರಿಗೇ, ಬರೀ ನೆಲದ ಒಡೆಯರಿಗಲ್ಲ ಎಂದು ನನಗೆ ಬಿಡಿಸಿ ಹೇಳಿದರು. ಒಳ್ಳೆಯ ಮನುಷ್ಯ, ಪಾಪ. ನಮ್ಮ ಮನೆಮಾತು ಕನ್ನಡ ಮಾತ್ರ ತಮಿಳರಾದ ಅವರಿಗೆ ಬಾರದು.

ನೀನು ಆ ತುದಿಯಲ್ಲಿ ಮುರಿದ ಬಾಳೆ ಕಡಿದು ಹಾಕುತ್ತಿದ್ದೆ. ಅಲ್ಲಿಂದಲೇ ಕೂಗಿದೆ: "ತಂಬೀ, ಪಾಲಿಗೆ ಮಾಡೋಳು ನಾನೂಂತ ಅವ್ರಿಗೆ ಏಳ್ಬುಡು!"

ಅವರ ಕಿವಿಗೆ ಬಿದ್ದದ್ದು ಆ ಒಂದು ಪದ. ತಮಿಳಿನಲ್ಲಿ ಪಾಲ್ ಎಂದರೆ ಹಾಲು ತಾನೇ! "ಪಾಲ್‌ಕಾರ ಅಮ್ಮಾವಾ?" ಎಂದು ನನ್ನನ್ನು ಕೇಳಿದರು — ಹಾಲು ಮಾರುವವಳಾ ಎಂದು.

ಅಯ್ಯೋ, ನಿಜಕ್ಕೂ ನಗು ಬಂತು ನನಗೆ. ಸಂಜೆ ನಿನಗೆ ಹೇಳಿ ನಗಿಸಬೇಕು ಅಂದುಕೊಂಡೆ. ಅಲ್ಲ ಸಾರ್, ಈ ಬೆಳೆ ಅವಳದೇ ಅನ್ನಲು ಬಾಯಿ ತೆರೆದೆ —

"ಆಮಾ ಸಾರ್" ಅಂದೆ. ಹೌದು ಅಂದೆ!

ನನ್ನ ಹೆಸರಿನ ಮುಂದೆ ಸ್ವಂತ ಬೇಸಾಯ ಎಂದು ಬರೆದುಕೊಂಡು ಅವರು ಹೋದರು. ಯಾಕೆ ಹಾಗಂದೆ ಅಕ್ಕಾ? ಮನೆಯಲ್ಲಿ ಹಸಿವಿರಲಿಲ್ಲ, ಯಾರೂ ಪೀಡಿಸುತ್ತಿರಲಿಲ್ಲ. ಆಸೆ ಮೊದಲೇ ಇತ್ತೋ, ಅವರ ತಪ್ಪು ಕೇಳಿದ ಮೇಲೆ ಹುಟ್ಟಿತೋ? ಮೊದಲೇ ಇದ್ದಿದ್ದರೆ ನನಗೆ ಗೊತ್ತಾಗಬೇಕಿತ್ತಲ್ಲ... ಆ ಹಣದಲ್ಲಿ ಬೈಕು ಕೊಂಡೆ. ಅದರಲ್ಲೇ ನಿನ್ನ ಬಾಗಿಲ ಮುಂದೆ ಓಡಾಡಿದೆ, ನಾಚಿಕೆಗೆಟ್ಟವನು.

ಪರಿಹಾರದ ಪಟ್ಟಿ ಬಂದ ದಿನ ನೀನು ಮನೆಗೆ ಬಂದು ಕೇಳಿದೆ: "ನನ್ ಪೇರು ಯಾಕ್ ಬರ್ಲಿಲ್ಲ ತಂಬಿ?" ಕಚೇರಿಯ ಕೆಲಸ ಯಾರಿಗೆ ಗೊತ್ತು ಅಂದುಬಿಟ್ಟೆ ನಾನು. ಎರಡನೆಯ ಸಲ ನಾಲಿಗೆ ತಡವರಿಸಲೂ ಇಲ್ಲ. ಹೊಸ ಬಾಳೆಕಂದು ತರಲು ನಿನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ, ನೀನು ತೋಟ ಬಿಟ್ಟೆ. ಈಗ ದಿನಾ ಬೆಳಗ್ಗೆ ಜೀಪಿನಲ್ಲಿ ಹದಿನೈದು ಜನರ ನಡುವೆ ನಿಂತು, ಘಟ್ಟ ಹತ್ತಿ, ಕೇರಳದ ಏಲಕ್ಕಿ ತೋಟಕ್ಕೆ ಕೂಲಿಗೆ ಹೋಗುತ್ತೀಯೆ. ಸ್ವಂತವಾಗಿ ಬೆಳೆ ಮಾಡುತ್ತಿದ್ದವಳನ್ನು ಕೂಲಿಗೆ ಅಟ್ಟಿದೆ.

ನೀನೇ ಬೆಳೆ ಮಾಡಿದವಳು, ನಾನು ಹೇಳಿದ್ದು ಸುಳ್ಳು ಎಂದು ಕಚೇರಿಗೆ ತಮಿಳಿನಲ್ಲಿ ಬರೆದು ಸಹಿ ಹಾಕಿದ್ದೇನೆ. ಹಣ ವಾಪಸು ಕೇಳುತ್ತಾರೋ, ಕೇಸು ಹಾಕುತ್ತಾರೋ ತಿಳಿಯದು. ನಿನಗೆ ಬರೆದದ್ದನ್ನು ಮಾತ್ರ ಕನ್ನಡ ಅಕ್ಷರದಲ್ಲಿ ಬರೆದೆ. ಮೈಸೂರಿನಲ್ಲಿ ಅಂಗಡಿ ಕೆಲಸಕ್ಕಿದ್ದಾಗ ಕಲಿತ ಅಕ್ಷರ. ನಮ್ಮ ಊರಲ್ಲಿ ಇದನ್ನು ಓದಬಲ್ಲವರು ಬೇರೆ ಯಾರೂ ಇಲ್ಲ — ನೀನೂ ಓದಲಾರೆ. ಅದಕ್ಕೇ ಇದರಲ್ಲಿ ಬರೆದೆನೇ? ಮತ್ತೆ ಬಚ್ಚಿಡಲು ನೋಡಿದೆನೇ?

ಭಾನುವಾರ ನಿನಗೆ ಕೂಲಿಯಿಲ್ಲ. ನಾನೇ ಬಂದು ಓದಿ ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಬೀದಿಯಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಓದುತ್ತೇನೆ.